"ನನಗೆ ಈಗ ಕೆಲಸ ಇಲ್ಲ" ಅಂತ ಹೇಳಿಕೊಳ್ಳಲು ಒಂದು ಜಾಗ: ಫ್ರೀಲಾನ್ಸ್ ಕಲಾವಿದರು ಬೆಂಬಲ ಗುಂಪು ಕಟ್ಟುವ ಬಗೆ

ನಾಟಕ ಮುಗಿದು, ಸೆಟ್ ಬಿಚ್ಚಿ ಟೆಂಪೋಗೆ ತುಂಬುವ ಹೊತ್ತಿಗೆ ರಾತ್ರಿ ಹನ್ನೊಂದೂವರೆ ಆಗಿರುತ್ತದೆ. ಇನ್ನೂ ಬಿಸಿ ಆರದ ಲೈಟನ್ನು ಹಳೇ ಬಟ್ಟೆಯಲ್ಲಿ ಹಿಡಿದು ಇಳಿಸುತ್ತಾ ಒಬ್ಬರನ್ನೊಬ್ಬರು ಕೇಳುತ್ತೇವೆ: "ಮತ್ತೆ, ಈಗ ಏನ್ ನಡೀತಿದೆ?" ಉತ್ತರ ಎಲ್ಲರದ್ದೂ ಒಂದೇ. "ಒಂದೆರಡು ಮಾತುಕತೆ ನಡೀತಿದೆ."

ನಾನು ರಂಗಭೂಮಿಯಲ್ಲಿ ಬೆಳಕಿನ ಕೆಲಸ ಮಾಡುವವನು. ಮೂರು ತಿಂಗಳು ಕೈಯಲ್ಲಿ ಒಂದೂ ಶೋ ಇಲ್ಲದಾಗಲೂ ಇದೇ ಉತ್ತರ ಕೊಟ್ಟಿದ್ದೇನೆ. ಯಾಕೆಂದರೆ ಕೇಳಿದವರು ನಾಳೆ ನನಗೆ ಕೆಲಸ ಕೊಡಿಸಬಹುದಾದವರು, ಇಲ್ಲವೇ ನನಗೆ ಬರಬಹುದಾದ ಕೆಲಸ ಯಾರಿಗೆ ಹೋಗುತ್ತದೋ ಅವರು. ಕೈ ಖಾಲಿ ಇದೆ ಅಂತ ಗೊತ್ತಾದರೆ ಸಂಭಾವನೆ ಇಳಿಯುತ್ತದೆ ಅನ್ನುವ ಭಯ. ನಮ್ಮ ಕಷ್ಟ ಅರ್ಥವಾಗುವವರು ನಮ್ಮ ಕಸುಬಿನವರೇ. ಆದರೆ ಅವರ ಮುಂದೆಯೇ ಬಾಯಿ ಬಿಡಲು ಆಗುವುದಿಲ್ಲ.

ಬೆಂಬಲ ಗುಂಪು ಅನ್ನುವುದು ಈ ಗಂಟು ಬಿಚ್ಚಲಿಕ್ಕೆ. ಒಂದೇ ಬಗೆಯ ಬದುಕು ನಡೆಸುವ ಆರೆಂಟು ಜನ, ಗೊತ್ತು ಮಾಡಿದ ದಿನ, ಗೊತ್ತು ಮಾಡಿದ ಜಾಗದಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದು. ಇಲ್ಲಿ ಡಾಕ್ಟರ್ ಇರುವುದಿಲ್ಲ, ಮೇಷ್ಟ್ರು ಇರುವುದಿಲ್ಲ. ಖರ್ಚು ಅಂದರೆ ಟೀ ದುಡ್ಡು. ನಟರು, ಸಂಗೀತಗಾರರು, ಡಬ್ಬಿಂಗ್ ಕಲಾವಿದರು, ಎಡಿಟರ್‌ಗಳು, ಮೇಕಪ್ ಮಾಡುವವರು, ಚಿತ್ರ ಬರೆಯುವವರು, ಸಂಬಳದ ಚೀಟಿ ಇಲ್ಲದ ಯಾರು ಬೇಕಾದರೂ ಇದನ್ನು ಶುರು ಮಾಡಬಹುದು.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಾಕ್‌ಡೌನ್ ಮುಗಿದ ಮೇಲೆ ಉತ್ಸಾಹದಿಂದ ಇಪ್ಪತ್ಮೂರು ಜನರ ವಾಟ್ಸಾಪ್ ಗ್ರೂಪ್ ಮಾಡಿದೆವು. ಗೆಳತಿಯೊಬ್ಬಳು ಒಂದು ರಾತ್ರಿ ಅದರಲ್ಲಿ, ಸ್ಟೇಜ್ ಹತ್ತುವ ಮುಂಚೆ ತನಗೆ ಕೈ ನಡುಗುತ್ತದೆ, ನಿದ್ದೆಗೆ ಮಾತ್ರೆ ತಗೊಳ್ತಿದ್ದೇನೆ ಅಂತ ಬರೆದಳು. ಎರಡೇ ವಾರಕ್ಕೆ ಅದು ಒಂದು ತಂಡದ ಕಿವಿಗೆ ಬಿತ್ತು. ಮುಂದಿನ ನಾಟಕದ ಪಾತ್ರ ಬೇರೆಯವರಿಗೆ ಹೋಯಿತು. "ನಿಂಗೆ ರೆಸ್ಟ್ ಬೇಕಲ್ವಾ" ಅಂತ ಕಾಳಜಿಯ ದನಿಯಲ್ಲೇ ಹೇಳಿದರಂತೆ. ಮಾತು ಯಾರಿಂದ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಮುಂದೆ ಬರೆದಿರುವ ಬಹುಪಾಲು ಅವಳು ಪಟ್ಟ ನೋವಿನಿಂದ ಕಲಿತದ್ದು.

ಮೊದಲ ಹೆಜ್ಜೆ: ಇನ್ನೊಬ್ಬರನ್ನು ಹುಡುಕಿ

ಹತ್ತು ಜನರನ್ನು ಸೇರಿಸಲು ಹೋಗಬೇಡಿ. ಒಬ್ಬರು ಸಾಕು. ಕುಡಿತ ಬಿಡುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಇವತ್ತು ಊರೂರಲ್ಲಿ ಇದೆ. ಅದು ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಅನ್ನುವ ಊರಲ್ಲಿ, ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಸರ್ಜನ್ ಕೂತು ಮಾತಾಡಿದ್ದರಿಂದ. ಕುಡಿತದ ಕಷ್ಟ ಪಟ್ಟವನೇ ಇನ್ನೊಬ್ಬನ ಕಷ್ಟ ಕೇಳಿದ. ಅಷ್ಟರಲ್ಲೇ ಕೇಳಿದವನಿಗೂ ಬಲ ಬಂತು.

ನಿಮ್ಮ ಆ ಇನ್ನೊಬ್ಬರು ಹೇಗಿರಬೇಕು? ನಿಮ್ಮ ಹತ್ತಿರದ ಗೆಳೆಯರೇ ಆಗಬೇಕಿಲ್ಲ. ಹಿಂದೆ ನೀವು ಹೇಳಿದ ಮಾತನ್ನು ತಮ್ಮಲ್ಲೇ ಇಟ್ಟುಕೊಂಡವರಾಗಿರಬೇಕು. ನಿಮ್ಮದೇ ಕೆಲಸ ಮಾಡುವವರಲ್ಲದಿದ್ದರೆ ಇನ್ನೂ ಒಳ್ಳೆಯದು. ನನಗೆ ಜೊತೆಯಾದವರು ಒಬ್ಬ ತಬಲಾ ವಾದಕರು. ಅವರಿಗೆ ಬರುವ ಕೆಲಸ ನನಗೆ ಬರಲ್ಲ, ನನ್ನದು ಅವರಿಗೆ ಬರಲ್ಲ. ಆದರೆ ಅಡ್ವಾನ್ಸ್‌ಗಾಗಿ ಫೋನ್ ಹಿಡಿದು ಕಾಯುವುದು ಏನು ಅಂತ ಇಬ್ಬರಿಗೂ ಗೊತ್ತು.

ಕೇಳುವಾಗ ದೊಡ್ಡ ಮಾತು ಬೇಡ. ನಾನು ಕಳಿಸಿದ್ದು ಇಷ್ಟೇ: "ಸರ್, ಈ ನಡುವೆ ಸ್ವಲ್ಪ ಕಷ್ಟ ಆಗ್ತಿದೆ. ನಮ್ಮಂಥವರು ನಾಲ್ಕೈದು ಜನ ಹದಿನೈದು ದಿನಕ್ಕೊಮ್ಮೆ ಕೂತು ಮಾತಾಡಿದ್ರೆ ಹೇಗೆ ಅಂತ ಯೋಚನೆ. ಮೊದಲು ನಾವಿಬ್ಬರು ಟೀ ಕುಡಿಯೋಣ್ವಾ?"

ಯಾರು ಇರಬೇಕು, ಯಾರು ಬೇಡ

ಆರರಿಂದ ಎಂಟು ಜನ ಸರಿಯಾದ ಅಳತೆ. ನಾಲ್ಕಕ್ಕಿಂತ ಕಡಿಮೆಯಾದರೆ ಇಬ್ಬರು ಟೂರ್‌ಗೆ ಹೋದ ದಿನ ಕೂಟವೇ ನಡೆಯುವುದಿಲ್ಲ. ಹತ್ತು ದಾಟಿದರೆ ಎಲ್ಲರಿಗೂ ಮಾತಿನ ಸರದಿ ಸಿಗುವುದಿಲ್ಲ, ಕಿವಿಗಳೂ ಜಾಸ್ತಿಯಾಗುತ್ತವೆ.

ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ: ಕೆಲಸ ಕೊಡುವವರು ಮತ್ತು ಅವರ ಕೈಕೆಳಗೆ ಕೆಲಸ ಮಾಡುವವರು ಒಂದೇ ಗುಂಪಿನಲ್ಲಿ ಬೇಡ. ನಿರ್ದೇಶಕರು ಎಷ್ಟೇ ಒಳ್ಳೆಯವರಿರಲಿ, ಅವರ ನಟನಿಗೆ ಅವರ ಮುಂದೆ "ಹೋದ ಶೋನ ದುಡ್ಡು ಬಂದಿಲ್ಲ, ಬಾಡಿಗೆ ಕಟ್ಟಿಲ್ಲ" ಅನ್ನಲು ಬಾಯಿ ಬರುವುದಿಲ್ಲ. ನಿರ್ದೇಶಕರಿಗೂ ಬೆಂಬಲ ಬೇಕು, ಹಾಲ್ ಬಾಡಿಗೆ ಸಾಲ ಮಾಡಿ ಕಟ್ಟುವವರು ಅವರು. ಅವರು ಬೇರೆ ತಂಡಗಳ ನಿರ್ದೇಶಕರ ಜೊತೆ ಇನ್ನೊಂದು ಗುಂಪು ಮಾಡಿಕೊಳ್ಳಲಿ. ನಮ್ಮಲ್ಲಿ ಕಷ್ಟ ಏನೆಂದರೆ ಇವತ್ತಿನ ನಟ ನಾಳೆ ನಿರ್ದೇಶಕ. ಗುಂಪಿನಲ್ಲಿರುವ ಒಬ್ಬರು ಇನ್ನೊಬ್ಬರಿಗೆ ಕೆಲಸ ಕೊಡುವ ಸಂದರ್ಭ ಬಂದರೆ, ಅದನ್ನು ಮುಂದಿನ ಕೂಟದ ಶುರುವಿನಲ್ಲೇ ಹೇಳಬೇಕು. ಆ ಕೆಲಸ ಮುಗಿಯುವ ತನಕ ಇಬ್ಬರಲ್ಲಿ ಒಬ್ಬರು ಬಿಡುವು ತಗೊಳ್ಳಬಹುದು.

ಗಂಡ ಹೆಂಡತಿ, ಅಣ್ಣ ತಮ್ಮ ಒಂದೇ ಗುಂಪಿಗೆ ಬರುವುದೂ ಬೇಡ. ಹೆಣ್ಣುಮಕ್ಕಳು ತಮ್ಮದೇ ಗುಂಪು ಬೇಕು ಅಂದರೆ ಕಾರಣ ಕೇಳಬೇಡಿ, ಮಾಡಿಕೊಳ್ಳಲು ಸಹಾಯ ಮಾಡಿ.

ದಿನ, ಹೊತ್ತು, ಜಾಗ

ನಮ್ಮ ಕೆಲಸ ಶನಿವಾರ ಭಾನುವಾರ, ಸಂಜೆ ಆರರ ಮೇಲೆ. ಹಾಗಾಗಿ ಕೂಟ ವಾರದ ನಡುವೆ, ಹಗಲಲ್ಲಿ. ಬೆಂಗಳೂರಿನ ರಂಗಶಂಕರದಲ್ಲಿ ಸೋಮವಾರ ನಾಟಕ ಇರುವುದಿಲ್ಲ, ಬೇರೆ ಕಡೆಯೂ ಅವತ್ತು ಶೋ ಕಡಿಮೆ. ನಾವು ಹದಿನೈದು ದಿನಕ್ಕೊಮ್ಮೆ ಸೋಮವಾರ ಬೆಳಿಗ್ಗೆ 11ರಿಂದ 12:30 ಅಂತ ಇಟ್ಟುಕೊಂಡೆವು. ಒಂದೂವರೆ ಗಂಟೆ ಸಾಕು. ಮುಗಿಸುವ ಹೊತ್ತು ಗಟ್ಟಿ ಇದ್ದರೆ ಜನ ಧೈರ್ಯವಾಗಿ ಬರುತ್ತಾರೆ.

ಜಾಗದ ವಿಷಯದಲ್ಲಿ ನಾವು ಎಡವಿದ್ದೆವು. ಮೊದಲ ಎರಡು ಸಲ ನಾಟಕಗಳು ನಡೆಯುವ ರವೀಂದ್ರ ಕಲಾಕ್ಷೇತ್ರದ ಆವರಣದಲ್ಲಿ ಮರದ ಕೆಳಗೆ ಕೂತೆವು. ಐದು ನಿಮಿಷಕ್ಕೊಬ್ಬರು ಪರಿಚಯದವರು ಬಂದು "ಏನ್ರಪ್ಪಾ, ಹೊಸ ನಾಟಕನಾ?" ಅಂತ ನಿಲ್ಲುತ್ತಿದ್ದರು. ಕಲಾವಿದರು ಸೇರುವ ಜಾಗ ಇದಕ್ಕೆ ಆಗುವುದಿಲ್ಲ. ತಾಲೀಮಿನ ಹಾಲ್ ಕೂಡ ಬೇಡ, ಅಲ್ಲಿ ಕಾಲಿಟ್ಟ ತಕ್ಷಣ ಮೈ ಕೆಲಸಕ್ಕೆ ಸಿದ್ಧವಾಗಿಬಿಡುತ್ತದೆ. ಗುಂಪಿನಲ್ಲಿ ಯಾರದ್ದಾದರೂ ಮನೆಯ ಟೆರೇಸ್, ಸಣ್ಣ ಶಾಲೆಯ ಖಾಲಿ ಕೋಣೆ, ಬಡಾವಣೆಯ ಸಂಘದ ಕೋಣೆ ಒಳ್ಳೆಯದು. ಬಾಗಿಲು ಹಾಕಲು ಆಗಬೇಕು, ಬಸ್ಸು ಇಲ್ಲವೇ ಮೆಟ್ರೋ ಹತ್ತಿರ ಇರಬೇಕು. ನಮಗೆ ಒಬ್ಬ ಸಂಗೀತ ಟೀಚರ್ ಪಾಠದ ಕೋಣೆ ಬಿಟ್ಟುಕೊಟ್ಟರು. ತಂಬೂರಿ, ಹಾರ್ಮೋನಿಯಂ ಪೆಟ್ಟಿಗೆ ಪಕ್ಕಕ್ಕಿಟ್ಟು ಚಾಪೆ ಹಾಸಿದರೆ ಎಂಟು ಜನ ಆರಾಮಾಗಿ ಕೂರಬಹುದು.

ಊರು ದೂರ ದೂರ ಇದ್ದರೆ ವಿಡಿಯೋ ಕಾಲ್ ಮಾಡಿ. ಆದರೆ ಇಯರ್‌ಫೋನ್ ಕಡ್ಡಾಯ. ಅಡುಗೆಮನೆಯಲ್ಲಿ ಅತ್ತೆ ಇರುವಾಗ ಸ್ಪೀಕರ್‌ನಲ್ಲಿ ಇನ್ನೊಬ್ಬರ ಅಳು ಕೇಳಿಸಬಾರದು ಅಲ್ವಾ?

ಒಪ್ಪಂದ: ಒಂದು ಪುಟ, ಕೈಬರಹದಲ್ಲಿ

ಮೊದಲ ಕೂಟದಲ್ಲಿ ಎಲ್ಲರೂ ಸೇರಿ ಇದನ್ನು ಬರೆಯಬೇಕು. ನೀವೇ ಬರೆದುಕೊಂಡು ಹೋಗಿ ಓದಿದರೆ ಅದು ನಿಮ್ಮ ನಿಯಮ ಆಗುತ್ತದೆ. ನಮ್ಮ ಪುಟದಲ್ಲಿ ಇದ್ದದ್ದು ಹೀಗೆ:

- ಇಲ್ಲಿ ಕೇಳಿದ್ದು ಇಲ್ಲೇ. ಮನೆಯಲ್ಲೂ ಹೇಳುವುದಿಲ್ಲ. ಯಾರು ಗುಂಪಿನಲ್ಲಿದ್ದಾರೆ ಅನ್ನುವುದನ್ನೂ ಹೊರಗೆ ಹೇಳುವುದಿಲ್ಲ.
- ಹೊರಗೆ ಸಿಕ್ಕಾಗ ಹೋದ ಸಲ ಹೇಳಿದ್ದನ್ನು ನಾವಾಗಿ ಎತ್ತುವುದಿಲ್ಲ. "ಈಗ ಹೇಗಿದೆ ಅದು?" ಅಂತ ಗ್ರೀನ್‌ರೂಮಿನಲ್ಲಿ ಕೇಳುವುದಿಲ್ಲ.
- ಬೈದುಕೊಳ್ಳುವಾಗಲೂ ತಂಡದ, ನಿರ್ದೇಶಕರ, ಚಾನೆಲ್‌ನ ಹೆಸರು ಹೇಳುವುದಿಲ್ಲ. "ಒಂದು ತಂಡ" ಸಾಕು.
- ಕೇಳದೆ ಸಲಹೆ ಕೊಡುವುದಿಲ್ಲ.
- ರೆಕಾರ್ಡಿಂಗ್ ಇಲ್ಲ, ಫೋಟೋ ಇಲ್ಲ, ಇಲ್ಲಿ ಕೇಳಿದ ಬದುಕನ್ನು ನಾಟಕ, ಕಥೆ, ಹಾಡು ಮಾಡುವುದಿಲ್ಲ.
- ಜೀವಕ್ಕೆ ಅಪಾಯ ಅನ್ನಿಸಿದಾಗ ಮಾತ್ರ ಗುಟ್ಟು ಮುರಿಯುತ್ತೇವೆ. ಅದನ್ನೂ ಅವರಿಗೆ ತಿಳಿಸಿಯೇ.

ಐದನೆಯದರ ಬಗ್ಗೆ ಒಂದು ಮಾತು. ನಮ್ಮ ಕಸುಬೇ ಬದುಕನ್ನು ನೋಡಿ ಕಟ್ಟುವುದು. ಒಳ್ಳೆಯ ಮನಸ್ಸಿನವರಿಗೂ ಅರಿವಿಲ್ಲದೆ ಇದು ಆಗಿಬಿಡುತ್ತದೆ. ಹಾಗಾಗಿ ಬರೆದೇ ಇಡಿ.

ವಾಟ್ಸಾಪ್ ಗ್ರೂಪ್ ಬೇಕಾದರೆ ಇರಲಿ, ಆದರೆ ಅದರಲ್ಲಿ ದಿನ, ಹೊತ್ತು, "ಬರ್ತೀನಿ", "ಬರಲ್ಲ" ಇಷ್ಟೇ. ಗ್ರೂಪಿನ ಹೆಸರು ಕೂಡ ಸಾದಾ ಇರಲಿ. ನಮ್ಮದರ ಹೆಸರು "ಸೋಮವಾರ". ಶೂಟಿಂಗ್ ಜಾಗದಲ್ಲಿ ಪಕ್ಕದವರು ಫೋನ್ ನೋಡಿದರೂ ಏನೂ ಗೊತ್ತಾಗುವುದಿಲ್ಲ.

ಮೊದಲ ಕೂಟ ನಡೆಸುವುದು

ನಡೆಸುವವರು ಒಬ್ಬರು, ಗಡಿಯಾರ ನೋಡುವವರು ಇನ್ನೊಬ್ಬರು. ಎರಡೂ ಕೆಲಸ ಪ್ರತಿ ಸಲ ಬೇರೆಯವರಿಗೆ ಹೋಗಬೇಕು, ಇಲ್ಲದಿದ್ದರೆ ಒಬ್ಬರೇ ಗುರುಗಳಾಗಿಬಿಡುತ್ತಾರೆ.

ಮೊದಲ ಹತ್ತು ನಿಮಿಷ ಟೀ. ಫೋನ್‌ಗಳೆಲ್ಲ ಸೈಲೆಂಟ್ ಆಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ. ಕೆಲಸದ ಕರೆಗೆ ಕಾಯುತ್ತಿರುವವರು ಮೊದಲೇ ಹೇಳಿ ಹತ್ತಿರ ಇಟ್ಟುಕೊಳ್ಳಲಿ, ತಪ್ಪಿಲ್ಲ. ಒಂದು ಕರೆ ತಪ್ಪಿದರೆ ಒಂದು ತಿಂಗಳ ಅಕ್ಕಿ ಹೋಗುವ ಬದುಕು ನಮ್ಮದು. ಆಮೇಲೆ ಒಪ್ಪಂದದ ಪುಟವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಪ್ರತಿ ಸಲವೂ.

ನಂತರ ಸುತ್ತು. ಒಬ್ಬೊಬ್ಬರಿಗೆ ಆರು ನಿಮಿಷ. ಈ ಹೊತ್ತಿನಲ್ಲಿ ಬೇರೆ ಯಾರೂ ಮಾತಾಡುವುದಿಲ್ಲ, "ಹೂಂ, ನಂಗೂ ಹಂಗೇ ಆಗಿತ್ತು" ಅಂತಲೂ ಇಲ್ಲ. ಮಾತು ಬೇಗ ಮುಗಿದರೆ ಉಳಿದ ಹೊತ್ತು ಸುಮ್ನೆ ಕೂರುವುದು. ಮೊದಲು ಇದು ಹಿಂಸೆ ಅನ್ನಿಸುತ್ತದೆ. ಸ್ಟೇಜ್ ಮೇಲೆ ಮೌನ ಹಿಡಿಯಲು ಗೊತ್ತಿರುವ ನಮಗೆ ಚಾಪೆ ಮೇಲೆ ಹಿಡಿಯಲು ಆಗುವುದಿಲ್ಲ. ಆದರೆ ಎಷ್ಟೋ ಸಲ ನಾಲ್ಕು ನಿಮಿಷ ಸುಮ್ಮನಿದ್ದು ಐದನೇ ನಿಮಿಷದಲ್ಲಿ ನಿಜವಾದ ಮಾತು ಬಂದದ್ದನ್ನು ನೋಡಿದ್ದೇನೆ. ಮಾತಾಡಲು ಇಷ್ಟ ಇಲ್ಲದವರು "ಇವತ್ತು ಕೇಳಿಸಿಕೊಳ್ತೀನಿ" ಅಂದರೆ ಮುಗಿಯಿತು.

ಸುತ್ತು ಮುಗಿದ ಮೇಲೆ ಇಪ್ಪತ್ತು ನಿಮಿಷ ಮುಕ್ತ ಮಾತು. ಕೊನೆಗೆ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ: "ಮುಂದಿನ ಕೂಟದೊಳಗೆ ನಿಮಗಾಗಿ ಒಂದು ಸಣ್ಣದು ಏನು ಮಾಡ್ಕೊಳ್ತೀರಿ?" ಬೆನ್ನು ನೋವಿಗೆ ಡಾಕ್ಟರ್ ಹತ್ತಿರ ಹೋಗುವುದು, ಬಾಕಿ ದುಡ್ಡು ಕೇಳಿ ಒಂದು ಮೆಸೇಜ್ ಹಾಕುವುದು, ಎರಡು ರಾತ್ರಿ ಹನ್ನೊಂದಕ್ಕೆ ಮಲಗುವುದು. ಇಂಥದ್ದು.

ಕೇಳಿಸಿಕೊಳ್ಳುವುದೂ ಕಲಿಯಬೇಕು

ನಮ್ಮ ಜನಕ್ಕೆ ಸಲಹೆ ನಾಲಿಗೆ ತುದಿಯಲ್ಲೇ ಇರುತ್ತದೆ. ಪ್ರೀತಿಯಿಂದಲೇ ಕೊಡುತ್ತೇವೆ. ಆದರೆ "ಯೋಗ ಮಾಡಿ", "ಸೀರಿಯಲ್‌ಗೆ ಟ್ರೈ ಮಾಡಿ", "ಮಕ್ಕಳಿಗೆ ಕ್ಲಾಸ್ ತಗೊಳ್ಳಿ" ಅನ್ನುವುದನ್ನು ಅವರು ಮನೆಯಲ್ಲಿ ನೂರು ಸಲ ಕೇಳಿರುತ್ತಾರೆ. ಬಾಯಿ ತೆರೆಯುವ ಮುಂಚೆ ಒಂದೇ ಮಾತು ಕೇಳಿ: "ಏನಾದ್ರೂ ಹೇಳ್ಲಾ, ಇಲ್ಲ ಕೇಳಿಸಿಕೊಂಡ್ರೆ ಸಾಕಾ?"

ಒಂದು ಸೋಮವಾರದ ಸಂಗತಿ ಹೇಳುತ್ತೇನೆ. ಅವರ ಒಪ್ಪಿಗೆ ಕೇಳಿ, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಹಿರಿಯ ನಟರೊಬ್ಬರು ತಮ್ಮ ಕಷ್ಟ ಹೇಳುತ್ತಿದ್ದರು. ಮಗಳ ಫೀಸ್ ಕಟ್ಟಲು ಹೋದದ್ದು, ಕೌಂಟರ್‌ನ ಹುಡುಗ ಇವರನ್ನು ಟಿವಿಯಲ್ಲಿ ನೋಡಿದ್ದೆ ಅಂತ ಸೆಲ್ಫಿ ತಗೊಂಡದ್ದು, ಜೇಬಲ್ಲಿ ಪೂರ್ತಿ ದುಡ್ಡು ಇಲ್ಲದೆ "ಕಾರ್ಡ್ ಮರೆತೆ" ಅಂತ ವಾಪಸ್ ಬಂದದ್ದು. ಎಷ್ಟು ಚೆನ್ನಾಗಿ ಅಭಿನಯಿಸಿ ಹೇಳಿದರೆಂದರೆ ನಾವೆಲ್ಲ ನಕ್ಕೆವು. ನಗು ನಿಂತ ಮೇಲೆ ನಡೆಸುತ್ತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಅಣ್ಣಾ, ಆಮೇಲೆ ಮನೆ ತನಕ ಹೇಗೆ ಬಂದ್ರಿ?" ಅವರು ಉತ್ತರ ಕೊಡಲಿಲ್ಲ. ಟವೆಲ್ ಮುಖಕ್ಕೆ ಒತ್ತಿಕೊಂಡರು. ನಾವು ನೋವನ್ನೂ ದೃಶ್ಯ ಮಾಡಿ ಹೇಳಲು ಪಳಗಿದವರು. ಹಾಗಾಗಿ ಕಲಾವಿದರ ಗುಂಪಿನಲ್ಲಿ ನಡೆಸುವವರು ಚಪ್ಪಾಳೆ ತಟ್ಟಿಸುವ ಮಾತಿನ ಹಿಂದೆ ಏನಿದೆ ಅಂತ ನೋಡಬೇಕು, ಆದರೆ ಕೆದಕಬಾರದು. ಒಂದು ಪ್ರಶ್ನೆ ಕೇಳಿ, ಕಾಯಿರಿ.

ದುಡ್ಡಿನ ಮಾತು ಬೇರೆ ದಿನ

ಮನಸ್ಸಿನ ಕಷ್ಟದ ಅರ್ಧ ಪಾಲು ದುಡ್ಡಿನದೇ. ಆದರೆ ಎಲ್ಲಾ ಕೂಟಗಳೂ ಪೇಮೆಂಟಿನ ದೂರಿನಲ್ಲೇ ಮುಳುಗಿದರೆ ಒಳಗಿನದು ಹೇಳಲು ಹೊತ್ತು ಸಿಗುವುದಿಲ್ಲ. ನಾವು ನಾಲ್ಕು ಕೂಟಕ್ಕೊಂದನ್ನು "ಲೆಕ್ಕದ ಸೋಮವಾರ" ಮಾಡಿದೆವು. ಅವತ್ತು ಯಾವ ಕೆಲಸಕ್ಕೆ ಎಷ್ಟು ತಗೊಳ್ಳುತ್ತೇವೆ ಅಂತ ಅಂಕಿ ಹೇಳಿಕೊಳ್ಳುತ್ತೇವೆ. ನನಗೆ ಗೊತ್ತಾದ ಮೊದಲ ವಿಷಯ, ನಾನು ವರ್ಷಗಟ್ಟಲೆ ಕಡಿಮೆ ಕೇಳುತ್ತಿದ್ದೆ ಅಂತ.

ಅವತ್ತು ನೋಡಿಕೊಳ್ಳಬಹುದಾದ ಕೆಲವು ಕೆಲಸಗಳಿವೆ. ಸಂಭಾವನೆಯಲ್ಲಿ ಟಿಡಿಎಸ್ (ದುಡ್ಡು ಕೊಡುವವರು ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ, ನಿಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಆ ದುಡ್ಡು ವಾಪಸ್ ಪಡೆಯಬಹುದು. ಎಷ್ಟೋ ಕಲಾವಿದರು ಬಿಟ್ಟೇಬಿಡುತ್ತಾರೆ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರು ಹೆಸರು ನೋಂದಾಯಿಸಬಹುದು. ಎಡಿಟಿಂಗ್, ಡಿಸೈನ್‌ನಂಥ ಸೇವೆ ಕೊಡುವವರು ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮಾಡಿಸಿದ್ದರೆ, 2006ರ ಸಣ್ಣ ಉದ್ದಿಮೆಗಳ ಕಾಯ್ದೆ ಪ್ರಕಾರ ಕಂಪನಿಗಳು 45 ದಿನದೊಳಗೆ ಹಣ ಕೊಡಬೇಕು. ಒಬ್ಬರು ಲ್ಯಾಪ್‌ಟಾಪ್ ತಂದರೆ ಒಂದೇ ಬೆಳಿಗ್ಗೆ ಮೂರ್ನಾಲ್ಕು ಜನರ ಅರ್ಜಿ ಮುಗಿಯುತ್ತದೆ. ಒಬ್ಬರೇ ಕೂತರೆ ಒಂದು ವರ್ಷವಾದರೂ ಆಗದ ಕೆಲಸ ಅದು.

ಗುಂಪಿನೊಳಗೆ ಸಾಲ ಮಾತ್ರ ಬೇಡ. ಸಾಲ ಕೊಟ್ಟವರ ಮುಂದೆ "ನಂಗೆ ಕಷ್ಟ" ಅಂದರೆ ಅದು ನೆವ ಹೇಳಿದ ಹಾಗೆ ಕೇಳಿಸುತ್ತದೆ. ಸಾಲಗಾರರು ಕೂಟಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ.

ಖಾಲಿ ತಿಂಗಳ ಪಂಚಾಂಗ

ಇದು ನಮಗೆ ತುಂಬಾ ಉಪಯೋಗಕ್ಕೆ ಬಂತು. ಒಂದು ಕ್ಯಾಲೆಂಡರ್ ತಗೊಂಡು ಪ್ರತಿಯೊಬ್ಬರೂ ತಮ್ಮ ಕೆಲಸ ಒಣಗುವ ತಿಂಗಳಿಗೆ ಬಣ್ಣ ಹಚ್ಚಿ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಗೆ, ತುಳುನಾಡಿನವರು ಪತ್ತನಾಜೆ ಅನ್ನುವ ದಿನಕ್ಕೆ ಮುಗಿಯುತ್ತದೆ. ಆಮೇಲೆ ಮಳೆಗಾಲ, ಕೆಲವರಿಗೆ ಮನೆ ಮನೆಗೆ ಹೋಗುವ ಚಿಕ್ಕಮೇಳ, ಉಳಿದವರಿಗೆ ಕಾಯುವುದು. ಮದುವೆಯ ಕೆಲಸ ನಂಬಿದ ವಾದ್ಯದವರಿಗೆ, ಮೇಕಪ್‌ನವರಿಗೆ, ಫೋಟೋಗ್ರಾಫರ್‌ಗಳಿಗೆ ಆಷಾಢ ಮತ್ತು ಧನುರ್ಮಾಸ ಖಾಲಿ. ಆರ್ಕೆಸ್ಟ್ರಾದವರು ಗಣೇಶನ ಹಬ್ಬದಿಂದ ನವೆಂಬರ್ ರಾಜ್ಯೋತ್ಸವದ ತನಕ ನಿದ್ದೆಗೆಟ್ಟು ದುಡಿಯುತ್ತಾರೆ, ಆಮೇಲೆ ಸದ್ದಿಲ್ಲ. ಮಾರ್ಚ್ ಬಂದರೆ ಪರೀಕ್ಷೆ, ಕಾಲೇಜು ರಂಗಭೂಮಿ ನಿಲ್ಲುತ್ತದೆ.

ಬಣ್ಣ ಹಚ್ಚಿ ಗೋಡೆಗೆ ಹಾಕಿದಾಗ ತಬಲಾದವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. "ಪ್ರತಿ ಆಷಾಢಕ್ಕೂ ನಂಗೇನೋ ಆಯ್ತು ಅಂದ್ಕೋತಿದ್ದೆ" ಅಂದರು. ತನ್ನ ಕೈಯಲ್ಲಿ ಕಸುಬು ಹೋಯಿತು, ಜನ ಮರೆತರು ಅಂತ ಅವರು ಕೊರಗುತ್ತಿದ್ದ ತಿಂಗಳಲ್ಲಿ ಗೋಡೆಯ ಮೇಲೆ ನಾಲ್ಕು ಜನರ ಬಣ್ಣ ಇತ್ತು. ಬಣ್ಣ ದಟ್ಟವಾಗಿರುವ ತಿಂಗಳುಗಳಲ್ಲಿ ನಾವು ವಾರಕ್ಕೊಮ್ಮೆ ಸೇರುತ್ತೇವೆ. ಎಲ್ಲರೂ ಓಡಾಡುವ ತಿಂಗಳಲ್ಲಿ ಒಂದೇ ಸಲ.

ಗುಂಪಿನ ಕೈ ಮೀರಿದಾಗ

ಯಾರಾದರೂ "ಬದುಕೇ ಬೇಡ ಅನ್ನಿಸ್ತಿದೆ" ಅಂದರೆ, ಇಲ್ಲವೇ ಹಾಗನ್ನಿಸುವಂತೆ ಮಾತಾಡಿದರೆ, ಮಾತು ತೇಲಿಸಬೇಡಿ. ನೇರವಾಗಿ ಕೇಳಿ: "ಸಾಯಬೇಕು ಅನ್ನೋ ಯೋಚನೆ ಬರ್ತಿದ್ಯಾ?" ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ತಪ್ಪು ಭಯ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಅಲ್ಲೇ, ಜೊತೆಯಲ್ಲಿ ಕೂತು ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಿಂದ ಇರುವ ಸರ್ಕಾರದ ಉಚಿತ ಸೇವೆ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೂಡಲೇ ಅಪಾಯ ಇದ್ದರೆ 112. ಆಸ್ಪತ್ರೆಗೆ ಹೋಗಬೇಕಾದರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಗುಂಪಿನಿಂದ ಒಬ್ಬರು ಜೊತೆಗೆ ಹೋಗಿ. ಚೀಟಿ ಮಾಡಿಸುವ ಸಾಲಿನಲ್ಲಿ ಪಕ್ಕದಲ್ಲಿ ನಿಲ್ಲುವುದೇ ದೊಡ್ಡ ಸಹಾಯ.

ಲೈಂಗಿಕ ಕಿರುಕುಳದ ಮಾತು ಬಂದರೆ, ನಿಜವೋ ಸುಳ್ಳೋ ಅಂತ ಗುಂಪು ವಿಚಾರಣೆ ಮಾಡಬಾರದು. 2013ರ ಕಾಯ್ದೆ ಫ್ರೀಲಾನ್ಸ್ ಕೆಲಸ ಮಾಡುವ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು, ಆ ದಿನ ಲೆಕ್ಕ ಅವರಿಗೆ ತಿಳಿಸಿ. ಕೊಡುವುದು ಬಿಡುವುದು ಅವರ ತೀರ್ಮಾನ. ಕೊಟ್ಟರೆ ಜೊತೆಗಿರಿ.

ಗುಂಪು ಉಳಿಯಬೇಕಾದರೆ

ಮೊದಲೇ ಎಂಟು ಕೂಟ ಅಂತ ನಿಗದಿ ಮಾಡಿ. "ಯಾವಾಗಲೂ" ಅಂದರೆ ಯಾರೂ ಒಪ್ಪುವುದಿಲ್ಲ, ನಾಲ್ಕು ತಿಂಗಳು ಅಂದರೆ ಒಪ್ಪುತ್ತಾರೆ. ಎಂಟನೆಯದರಲ್ಲಿ ಮುಂದುವರಿಸೋಣವಾ ಅಂತ ಚೀಟಿ ಬರೆದು ಹಾಕಿ, ಮುಖ ನೋಡಿ ಕೈ ಎತ್ತಿಸಬೇಡಿ. ಹೊಸಬರನ್ನು ಸೇರಿಸುವುದೂ ಆ ಹೊತ್ತಿನಲ್ಲೇ, ಎಲ್ಲರೂ ಒಪ್ಪಿದರೆ ಮಾತ್ರ.

ಒಬ್ಬರೇ ಜಾಸ್ತಿ ಮಾತಾಡುತ್ತಿದ್ದರೆ ಗಡಿಯಾರ ನೋಡುವವರು ನಿಲ್ಲಿಸಲಿ, ಕೂಟದ ನಂತರ ಒಬ್ಬರು ಹೊರಗೆ ಕರೆದು ಹೇಳಲಿ. ಇಬ್ಬರು ಒಂದೇ ಪಾತ್ರಕ್ಕೆ ಆಡಿಷನ್ ಕೊಟ್ಟದ್ದು ನಮ್ಮಲ್ಲೂ ಆಯಿತು. ಸಿಕ್ಕವಳು ಕೂಟಕ್ಕೆ ಬರಲು ಹಿಂಜರಿದಳು. ಸಿಗದವಳೇ ಫೋನ್ ಮಾಡಿ "ಬಾ, ನಂಗೆ ಹೊಟ್ಟೆಕಿಚ್ಚಾಗಿದೆ, ಅದನ್ನೇ ಹೇಳ್ಬೇಕು" ಅಂದಳು. ಆರು ನಿಮಿಷ ಅದನ್ನೇ ಹೇಳಿದಳು. ಎದುರಿಗೆ ಕೂತಿದ್ದವಳು ಪೂರ್ತಿ ಕೇಳಿದಳು.

ನಡೆಸುವವರಿಗೆ ಸುಸ್ತಾಗುತ್ತದೆ. ಭಾರವಾದ ಕೂಟದ ನಂತರ ನಡೆಸಿದವರು ಮತ್ತು ಗಡಿಯಾರ ನೋಡಿದವರು ಇಬ್ಬರೇ ಹತ್ತು ನಿಮಿಷ ನಡೆದುಕೊಂಡು ಹೋಗಿ, "ನಿಮಗೆ ಹೇಗಿದೆ" ಅಂತ ಕೇಳಿಕೊಳ್ಳಿ.

ನಮ್ಮ "ಸೋಮವಾರ" ಹದಿನಾರನೇ ಕೂಟದ ಹೊತ್ತಿಗೆ ಹನ್ನೊಂದು ಜನ ಆಯಿತು. ಚೀಟಿ ಹಾಕಿ ಎರಡು ಮಾಡಿದೆವು. ನಾನು ಎರಡನೆಯದರಲ್ಲಿದ್ದೇನೆ, ಈಗ ಮಂಗಳವಾರ ಸೇರುತ್ತೇವೆ. ಮೊದಲು ಹೇಳಿದ ಆ ಗೆಳತಿ ಮೂರು ಸಲ ಕರೆದರೂ ಬರಲಿಲ್ಲ. ನಾಲ್ಕನೇ ಸಲ ಬಂದು, ಒಪ್ಪಂದದ ಪುಟ ಕೇಳಿ ತಗೊಂಡು, ಮೊದಲ ಸಾಲಿನ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಎಳೆದು, ಬಾಗಿಲ ಹತ್ತಿರ ಕೂತಳು. "ಇವತ್ತು ಕೇಳಿಸಿಕೊಳ್ತೀನಿ" ಅಂದಳು.